ಪಿಟೀಲಣ್ಣನ ಬಲಗೈ

ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಬೀಗ ರಿಪೇರಿಯವನಿಗೂ ಔಷಧಿ ಅಂಗಡಿಗೂ ನಡುವೆ, ಎರಡೇ ಕುರ್ಚಿಯ ಒಂದು ಕಟಿಂಗ್ ಶಾಪು. ಅದರ ಯಜಮಾನನಿಗೆ ಹೆತ್ತವರು ಇಟ್ಟ ಹೆಸರು ಕಾಗದಪತ್ರದಲ್ಲಿ ಉಳಿದುಕೊಂಡಿದೆ, ಅಷ್ಟೆ. ಬೀದಿಗೆಲ್ಲ ಅವನು ಪಿಟೀಲಣ್ಣ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲಿ ಬಾಗಿಲು ಅರ್ಧ ಎಳೆದುಕೊಂಡು, ಕನ್ನಡಿಗೆ ಬೆನ್ನು ಹಾಕಿ ಪಿಟೀಲು ನುಡಿಸುತ್ತಿದ್ದ. ಕನ್ನಡಿಯೊಳಗಿನ ತನ್ನ ಮುಖವೂ ಅವನ ಲೆಕ್ಕದಲ್ಲಿ ಒಬ್ಬ ಸಭಿಕನೇ. ಔಷಧಿ ಅಂಗಡಿಯವನು ಮಾತ್ರೆ ಎಣಿಸುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದ ಎಂದರೆ ನೋಡಿ, ಎಂಥ ಕೈ ಅದು.

ಆ ಕೈಗೆ ವೇದಿಕೆ ಎಂದರೆ ಆಗದು.

ಊರಿನ ವಾದ್ಯಗೋಷ್ಠಿಗೆ ಅವನನ್ನು ಸೇರಿಸಿಕೊಂಡವರು ಶಾಲೆಯ ಸಂಗೀತ ಮೇಷ್ಟ್ರು. ಮೊದಲ ಸಲ ಬಲಗೈ ಎಷ್ಟು ನಡುಗಿತೆಂದರೆ, ಕಮಾನು ತಂತಿಯ ಮೇಲೆ ಕುಪ್ಪಳಿಸಿ ತುಕ್ಕು ಹಿಡಿದ ಬಾಗಿಲು ತೆರೆದಂಥ ಸದ್ದು ಬಂತು. ಎರಡನೆಯ ಸಲ ಅದೂ ಇಲ್ಲ. ಶೌಚಾಲಯಕ್ಕೆಂದು ಹೋದವನು ಒಳಗಿನಿಂದ ಚಿಲಕ ಹಾಕಿಕೊಂಡ. ಕುರ್ಚಿ ಮಡಚುವ ಸದ್ದು ಕೇಳಿದ ಮೇಲೆಯೇ ಹೊರಗೆ ಬಂದ. ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇನ್ನೊಂದು ಸಲ ನೋಡ್ತೀನಿ. ಆಗಲೂ ಹೀಗೇ ಆದ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ತಗೋಬೇಕಾಗತ್ತೆ. ನನಗೂ ಬೇಜಾರೇ, ಏನ್ಮಾಡ್ಲಿ," ಎಂದರು.

ಆ ಇನ್ನೊಂದು ಸಲ ಬಂದೇಬಿಟ್ಟಿತು. ಸಂಜೆ ಆರಕ್ಕೆ, ಗ್ರಂಥಾಲಯದ ಸಭಾಂಗಣದಲ್ಲಿ. ಅವನೊಬ್ಬನೇ ನುಡಿಸಬೇಕಾದದ್ದು ನಾಲ್ಕೇ ನಿಮಿಷ.

ಅಂದು ಬೆಳಿಗ್ಗೆ ಮೊದಲ ಗಿರಾಕಿ ಪೋಸ್ಟ್ ಮಾಸ್ಟರು. ನೊರೆ ಹಚ್ಚಿ, ಗದ್ದದ ಕೆಳಗೆ ಕತ್ತಿ ಇಟ್ಟ. ಕೈ ಅಲುಗಿತು. ಬಿಳಿ ನೊರೆಯಲ್ಲಿ ಒಂದು ಕೆಂಪು ಚುಕ್ಕೆ ಮೂಡಿತು.

"ಏನಯ್ಯಾ, ನನ್ನ ಗದ್ದದ ಮೇಲೇ ಪಿಟೀಲು ಕುಯ್ಯೋಕೆ ಶುರು ಮಾಡಿದ್ಯಾ?" ಎಂದು ಪೋಸ್ಟ್ ಮಾಸ್ಟರು ನಕ್ಕರು.

ಅವನಿಗೆ ನಗು ಬರಲಿಲ್ಲ. ಮೂವತ್ತು ವರ್ಷ ಜನ ಕಣ್ಣು ಮುಚ್ಚಿ ಕುತ್ತಿಗೆ ಒಪ್ಪಿಸಿದ ಕೈ ಅದು. ವೇದಿಕೆಯ ಭಯ ವೇದಿಕೆಯ ಮೇಲೇ ಇದ್ದರೆ ಹೇಗೋ ಬದುಕಬಹುದು. ಅದು ರಸ್ತೆ ದಾಟಿ ಬಂದು ಕುರ್ಚಿಯ ಪಕ್ಕದಲ್ಲೇ ನಿಂತರೆ? ಗಾಯಕ್ಕೆ ಪಟಿಕ ಒತ್ತಿ, ಅವರನ್ನು ಹೇಗೋ ಮುಗಿಸಿ ಕಳಿಸಿ, ಬಾಗಿಲು ಎಳೆದು ಮನೆಗೆ ನಡೆದ.

ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು.

"ನಾನು ಹೋಗಲ್ಲ ಕಣೇ. ಜ್ವರ ಅಂತ ಮೇಷ್ಟ್ರಿಗೆ ಫೋನ್ ಮಾಡಿ ಹೇಳು."

"ನಿಮ್ಮ ಜ್ವರ, ನೀವೇ ಹೇಳಿ."

"ಈ ಕೈ ನೋಡು."

ನೋಡಿದಳು. ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟು ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ನಡುಕ ನಿಲ್ಲಲಿಲ್ಲ, ಅವಳ ಕೈಗಳೇ ಜೊತೆಗೆ ನಡುಗಿದವು.

"ಹೋದ ಸಲ ಅಲ್ಲಿಂದ ಬಂದ ಮೇಲೆ ಹನ್ನೊಂದು ದಿನ ಬಾಯಿ ಬಿಡಲಿಲ್ಲ ನೀವು. ಗೋಡೆ ಜೊತೆ ಸಂಸಾರ ಮಾಡಿದ ಹಾಗಿತ್ತು ನನಗೆ. ನಡುಗಿದ್ರೆ ನಡುಗಲಿ ರೀ. ಆ ಹನ್ನೊಂದು ದಿನ ಮಾತ್ರ ಇನ್ನೊಂದು ಸಲ ಬೇಡ."

ಮತ್ತೆ ಅವನು ಏನೇನು ಮಾಡಲಿಲ್ಲ ಹೇಳಿ. ಬಿಸಿನೀರಿನಲ್ಲಿ ಕೈ ಅದ್ದಿದ. ನೂರರಿಂದ ಒಂದರವರೆಗೆ ಹಿಂದೆ ಹಿಂದೆ ಎಣಿಸಿದ. ಔಷಧಿ ಅಂಗಡಿಯವನು ಹೇಳಿಕೊಟ್ಟಂತೆ ಮೂಗಿನಲ್ಲಿ ಉಸಿರೆಳೆದು ಬಾಯಲ್ಲಿ ಬಿಟ್ಟ; ತಲೆ ಗಿರ್ರೆಂದು ತಿರುಗಿತೇ ಹೊರತು ಕೈ ಹಟ ಬಿಡಲಿಲ್ಲ.

ಆರು ಗಂಟೆಯ ಮೇಲೆ ಹತ್ತು ನಿಮಿಷ. ಮೇಷ್ಟ್ರು ಅವನನ್ನು ಮೈಕಿನ ಮುಂದೆ ನಿಲ್ಲಿಸಿ ಪಕ್ಕಕ್ಕೆ ಸರಿದರು. ಮೊದಲ ಸಾಲಿನಲ್ಲಿ ಗದ್ದಕ್ಕೆ ಪಟ್ಟಿ ಅಂಟಿಸಿಕೊಂಡ ಪೋಸ್ಟ್ ಮಾಸ್ಟರು, ಔಷಧಿಯವನು, ಬೀಗದವನು, ಬ್ಯಾಂಕಿನ ಇಬ್ಬರು ಗುಮಾಸ್ತರು. ಎಲ್ಲರೂ ಅವನ ಗಿರಾಕಿಗಳೇ, ಎಲ್ಲರ ಕಣ್ಣೂ ಆ ಬಲಗೈ ಮೇಲೇ. ಅವನ ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು. ನಮಸ್ಕಾರ ಎನ್ನಲು ಬಾಯಿ ತೆರೆದ. ದಿನಕ್ಕೆ ನೂರು ಸಲ ಆಡಿ ಆಡಿ ಸವೆದ ಮಾತೊಂದು ನುಗ್ಗಿ ಹೊರಗೆ ಬಂತು.

"ಸ್ವಲ್ಪ ತಲೆ ಬಗ್ಗಿಸಿ."

ಮೈಕು ಅದನ್ನು ಸಭಾಂಗಣದ ಕಟ್ಟಕಡೆಯ ಮೂಲೆಗೂ ಮುಟ್ಟಿಸಿತು.

ಮೊದಲ ಸಾಲು ತಲೆ ಬಗ್ಗಿಸಿತು. ಯೋಚಿಸಿ ಅಲ್ಲ, ಆ ದನಿ ಆ ಮಾತು ಹೇಳಿದರೆ ಅವರ ಕುತ್ತಿಗೆ ಯಾರನ್ನೂ ಕೇಳದೆ ತಾನೇ ಬಾಗುತ್ತದೆ. ಹಿಂದಿನ ಸಾಲಿನವರು, ಮೌನ ಪ್ರಾರ್ಥನೆ ಇರಬೇಕು ಅಂದುಕೊಂಡು, ಅವರೂ ಬಗ್ಗಿಸಿದರು. ಈಗ ಅವನ ಮುಂದೆ ಒಂದೂ ಕಣ್ಣಿಲ್ಲ. ಬರೀ ನೆತ್ತಿಗಳು. ಯಾರಿಗೆ ಎರಡು ಸುಳಿ, ಯಾರಿಗೆ ಎಲ್ಲಿ ಕೂದಲು ತೆಳುವಾಗುತ್ತಿದೆ, ಎಲ್ಲವೂ ಅವನಿಗೆ ಬಾಯಿಪಾಠ. ಕಮಾನು ಎತ್ತಿ ತಂತಿಯ ಮೇಲಿಟ್ಟ.

ಎರಡು ನಿಮಿಷ ನುಡಿಸಿದ, ಬಾಗಿಲು ಎಳೆದ ಅಂಗಡಿಯಲ್ಲಿ ನುಡಿಸಿದ ಹಾಗೆ.

ಆಮೇಲೆ ಪೋಸ್ಟ್ ಮಾಸ್ಟರಿಗೆ ಅರ್ಥವಾಯಿತು. ಹೆಗಲು ಕುಲುಕಿತು, ನಗು ತಡೆಯುತ್ತ ತಲೆ ಎತ್ತಿದರು. ಪಕ್ಕದವರೂ ಎತ್ತಿದರು. ಒಂದೊಂದು ಮುಖ ಮೇಲೆದ್ದಂತೆ ಕೈಗೆ ಒಂದೊಂದು ನಡುಕ ಹತ್ತಿತು. ಮೂರನೆಯ ನಿಮಿಷಕ್ಕೆ ಸಭಾಂಗಣದ ತುಂಬ ಕಣ್ಣುಗಳು. ಉದ್ದಕ್ಕೆ ಎಳೆಯಬೇಕಾದ ಸ್ವರ ಚೂರುಚೂರಾಗಿ ಉದುರಿತು. ಯಾರೋ ಕೆಮ್ಮಿದರು. ಬಾಗಿಲು ಹತ್ತೇ ಹೆಜ್ಜೆಯಲ್ಲಿತ್ತು, ಅದನ್ನು ನೋಡಿದ.

ಆದರೆ ಅರ್ಧ ಕತ್ತರಿಸಿದ ತಲೆಯನ್ನು ಕುರ್ಚಿಯಲ್ಲೇ ಬಿಟ್ಟು ಎದ್ದುಹೋಗುವುದು ಅವನ ಕಸುಬಿನಲ್ಲಿಲ್ಲ. ಕತ್ತರಿ ಮೊಂಡಾಗಲಿ, ಕರೆಂಟು ಹೋಗಲಿ, ಕೂರಿಸಿದ ಮೇಲೆ ಮುಗಿಸಿಯೇ ಕಳಿಸಬೇಕು. ಬೆವರು ಕಣ್ಣಿಗಿಳಿದು ಉರಿಯಿತು. ನಡುಗುತ್ತಲೇ, ತಪ್ಪುತ್ತಲೇ, ಕೊನೆಯ ಸ್ವರದವರೆಗೂ ಎಳೆದ. ಅದೂ ಅಪಸ್ವರವೇ. ಚಪ್ಪಾಳೆ ಬಂತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಪರದೆಯ ಹಿಂದೆ ಮೇಷ್ಟ್ರು ಹತ್ತಿರ ಬಂದರು.

"ಕೊನೆಕೊನೆಗೆ ಚೆನ್ನಾಗಿರಲಿಲ್ಲ."

"ಗೊತ್ತು ಮೇಷ್ಟ್ರೇ."

"ಮುಗಿಸಿದ್ರಲ್ಲ, ಸಾಕು. ಮುಂದಿನ ತಿಂಗಳು ಹೊಳೆಯಾಚೆ ಊರಲ್ಲಿ ಕಾರ್ಯಕ್ರಮ ಇದೆ. ಇದರ ಎರಡರಷ್ಟು ಜನ. ಅಲ್ಲಿ ನಿಮ್ಮ ಗಿರಾಕಿಗಳು ಯಾರಾದ್ರೂ ಇದಾರಾ?"

"ಒಬ್ಬರೂ ಇಲ್ಲ."

ಪಿಟೀಲಿನ ಪೆಟ್ಟಿಗೆ ಮುಚ್ಚಿ ಕೊಂಡಿ ಹಾಕಲು ಹೋದ, ಬೆರಳು ಕೇಳಲಿಲ್ಲ. ಎರಡು ಸಲ ಜಾರಿತು.

"ಬಸ್ಸು ಎಷ್ಟು ಗಂಟೆಗೆ?" ಎಂದು ಕೇಳಿದ.