ಸೊಸಿಯೆತೆ ಮತ್ತು ಇಸ್ತ್ರಿ ಗಾಡಿ

"ಅಣ್ಣ, ನಿಮ್ಮ ಹೆಸರೇನು?" ಎಂದು ಕೇಳಿದ್ದಕ್ಕೆ ಜಯನಗರದ ನಮ್ಮ ಬೀದಿಯ ಇಸ್ತ್ರಿ ಗಾಡಿಯವರು ಗಾಬರಿಯಾದರು. "ಯಾಕ್ ಮೇಡಂ, ಸೀರೆ ಏನಾದ್ರೂ ಸುಟ್ಟೋಗಿತ್ತಾ?"

ನಿವೃತ್ತಿಯ ನಂತರ ನಾನು ಸೇರಿದ ಫ್ರೆಂಚ್ ತರಗತಿಯಲ್ಲಿ ಅಂದು 'ಸೊಸಿಯೆತೆ' ಎಂಬ ಪದ ಬಂದಿತ್ತು. ಸಮಾಜ ಎಂದು ಅರ್ಥ. ಅದನ್ನು ಬಳಸಿ, ನಿಮ್ಮ ಬೀದಿಯ ಐವರ ಹೆಸರು ಸೇರಿಸಿ ಬರೆಯಿರಿ ಎಂದಿದ್ದರು ಟೀಚರ್. ನಾಲ್ಕಕ್ಕೇ ನಿಂತೆ. ಹನ್ನೆರಡು ವರ್ಷದಿಂದ ನನ್ನ ಸೀರೆಗಳಿಗೆ ಇಸ್ತ್ರಿ ಹಾಕುತ್ತಿರುವವರ ಹೆಸರೇ ಗೊತ್ತಿರಲಿಲ್ಲ.

"ಮುನಿರಾಜು" ಎಂದರು. ಮತ್ತೆ ಸಂಕೋಚದಿಂದ, "ನಿಮ್ಮ ಹೆಸರು ಮೇಡಂ? ಗಂಟಿನ ಮೇಲೆ ಬರೀ ಮನೆ ನಂಬರ್ ಬರ್ಕೋತೀನಿ ನಾನು" ಎಂದರು.

ನನ್ನ ಫ್ರೆಂಚ್ ಇನ್ನೂ ತಪ್ಪು ತಪ್ಪೇ. ಆದರೆ ಬಟ್ಟೆ ಗಂಟಿನ ಚೀಟಿಯಲ್ಲಿ ಈಗ ನಲವತ್ತೆರಡು ಎಂದಿಲ್ಲ, ವಿಮಲಾ ಎಂದಿದೆ.