ಬಾಟಲಿಗೆ ಅಂಟಿಸಿದ್ದ ಕಾಗದ

ಆ ಔಷಧಿ ಬಾಟಲಿಯ ಮೇಲೆ ಕಾಗದ ಇತ್ತು. ಇರಲಿಲ್ಲ ಅಂತ ಸುಳ್ಳು ಹೇಳಿದವಳು ನಾನು. ಅಂಟಿಸಿದವಳೂ ನಾನೇ, ಕಿತ್ತವಳೂ ನಾನೇ. ಹದಿಮೂರು ವರ್ಷದಿಂದ ಈ ಮಾತು ಗಂಟಲವರೆಗೂ ಬಂದು ಬಂದು ಹಿಂದಕ್ಕೆ ಹೋಗಿದೆ. ಇವತ್ತು ಮೊದಲು ಅದನ್ನೇ ಬರೆದುಬಿಟ್ಟೆ — ಆಮೇಲೆ ಸುತ್ತಿ ಬಳಸಿ ತಪ್ಪಿಸಿಕೊಳ್ಳಲು ನನಗೇ ದಾರಿ ಇರಬಾರದು ಅಂತ.

ಅರಸೀಕೆರೆಯಲ್ಲಿ ಸ್ಟೇಷನ್ ಕಡೆಗೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಹೆಂಚಿನ ಕಟ್ಟಡ. ತೊಂಬತ್ತರ ದಶಕದ ನಡುವಿನ ಮಾತು. ಅಲ್ಲಿ ಒಬ್ಬ ಡಾಕ್ಟರ ಶಾಪು. ನಾವು ಐದು ಜನ. ಒಳಕೋಣೆಯಲ್ಲಿ ಡಾಕ್ಟರು. ಪರದೆಯ ಹಿಂದೆ ಇಂಜೆಕ್ಷನ್ ಕೊಡುವ ಸಿಸ್ಟರು. ಹಿಂದಿನ ಅಂಗಳದಲ್ಲಿ ಸಿರಿಂಜು ಕುದಿಸುತ್ತ, ನೆಲ ಒರೆಸುತ್ತ, ಅಳುವ ಮಕ್ಕಳನ್ನು ಎತ್ತಿಕೊಂಡು ತಿರುಗಾಡುವ ಆಯಾ ಪುಟ್ಟಮ್ಮ. ಔಷಧಿ ಕಿಟಕಿಯಲ್ಲಿ ಕಾಂಪೌಂಡರ್ ಸಿದ್ದಪ್ಪನವರು. ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಹೆಸರು, ಊರು, ವಯಸ್ಸು ಬರೆದು ಚೀಟಿ ಕೊಡುವವಳು ನಾನು. "ಅವರವರ ಕೆಲಸ ಅವರವರ ಕೈಯಲ್ಲೇ ಇರಲಿ" ಅನ್ನುವುದು ಡಾಕ್ಟರ ಕಟ್ಟಪ್ಪಣೆ. "ಕೈ ಬದಲಾದರೆ ಜೀವಕ್ಕೆ ಬರುತ್ತೆ."

ನನ್ನದು ಕಣಕಟ್ಟೆ ಕಡೆಯ ಒಂದು ಸಣ್ಣ ಹಳ್ಳಿ. ಅಪ್ಪ ಬೇರೆಯವರ ತೋಟದಲ್ಲಿ ಕಾಯಿ ಸುಲಿಯುತ್ತಿದ್ದರು. ಅವ್ವನದು ಹೆಬ್ಬೆಟ್ಟು. ನಮ್ಮ ವಂಶದಲ್ಲಿ ಡಿಗ್ರಿ ಅಂತ ಮುಗಿಸಿದವಳು ನಾನೊಬ್ಬಳೇ — ಬಿ.ಎಸ್ಸಿ., ಅದೂ ಕೆಮಿಸ್ಟ್ರಿ ಎರಡನೇ ಸಲಕ್ಕೆ ಪಾಸು ಮಾಡಿ. ಅದರ ಹೆಮ್ಮೆ ನನಗೆ ಆಗಲೂ ಇತ್ತು, ಈಗಲೂ ಇದೆ, ಮುಚ್ಚಿಡುವುದಿಲ್ಲ. ಆದರೆ ಡಿಗ್ರಿ ಮಾಡಿಯೂ ಸ್ಟೂಲಿನ ಮೇಲೆ ಕೂತು ಊರೂರಿನ ಹೆಸರು ಬರೆಯುವುದು... ಪುಟ್ಟಮ್ಮನಿಗೆ ಅದೇ ದೊಡ್ಡ ತಮಾಷೆ. "ಏನವ್ವ ಬಿ.ಎಸ್ಸಿ., ಓಟಿನ ಪಟ್ಟಿ ಬರಿಯಾ ಮೇಷ್ಟ್ರೂ ನಿನ್ನಷ್ಟು ಹೆಸರು ಬರಿಯಾಕಿಲ್ಲ ಬುಡು" ಅನ್ನುತ್ತಿದ್ದಳು. ನಗುತ್ತಿದ್ದೆ. ಒಳಗೆ ಸುಡುತ್ತಿತ್ತು.

ನನ್ನ ಕಣ್ಣೆಲ್ಲ ಸಿದ್ದಪ್ಪನವರ ಕಿಟಕಿಯ ಮೇಲೆ. ಬೆಳಗಿನ ಬಿಸಿಲು ಅಲ್ಲಿ ಜೋಡಿಸಿಟ್ಟ ದೊಡ್ಡ ಸೀಸೆಗಳ ಒಳಗಿಂದ ಹಾದು ಬರುತ್ತಿತ್ತು — ಕೆಂಪು, ಜೇನಿನ ಹಳದಿ, ಸುಣ್ಣದ ನೀರಿನಂಥ ಬಿಳಿ. ಆ ಬಣ್ಣಗಳು ಅವರ ಬಿಳಿ ಅಂಗಿಯ ಮೇಲೆ ಬಿದ್ದು, ಅವರು ಆಚೀಚೆ ಸರಿದ ಹಾಗೆಲ್ಲ ಮೈಮೇಲೆ ಹರಿದಾಡುತ್ತಿದ್ದವು. ಸ್ಟೇಷನ್ನಿಗೆ ರೈಲು ಬಂದರೆ ಸೀಸೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಕಿಣಿ ಅನ್ನುತ್ತಿದ್ದವು. ಆಗ ಅವರು ಅಳೆಯುವುದನ್ನು ನಿಲ್ಲಿಸಿ, ರೈಲು ಹೋಗುವವರೆಗೂ ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದರು. ಈಗ ನೆನೆದರೆ ಅದೆಲ್ಲ ನೀರಿನೊಳಗೆ ನಡೆದಂತೆ ಕಾಣುತ್ತದೆ. ಸದ್ದಿಲ್ಲ. ಬಣ್ಣ ಮಾತ್ರ.

ನಾನೇ ಹೋಗಿ ಕೇಳಿದೆ, ನನಗೂ ಕಲಿಸಿ ಅಂತ. ಡಾಕ್ಟರಿಗೆ ಗೊತ್ತಾಗದ ಹಾಗೆ, ಜನ ಕಡಿಮೆ ಇದ್ದ ಹೊತ್ತಿನಲ್ಲಿ ಕಲಿಸಿದರು. "ಔಷ್ದಿನ ಮೊದ್ಲು ಮೂಗಲ್ಲಿ ಕಲೀಬೇಕು ಮಗ, ಆಮ್ಯಾಲೆ ಕಣ್ಣಲ್ಲಿ" ಅನ್ನುತ್ತಿದ್ದರು. ಅವರು ಓದಿದ್ದು ನಾಲ್ಕನೇ ಕ್ಲಾಸು. ಆ ಕಿಟಕಿಯಲ್ಲಿ ನಿಂತದ್ದು ಮೂವತ್ತು ವರ್ಷ.

ಅವರು ಕಲಿಸಿದ್ದರಲ್ಲಿ ಒಂದು ಮಾತ್ರ ನನಗೆ ಸೇರಲಿಲ್ಲ. ಔಷಧಿ ತುಂಬಿದ ಬಾಟಲಿಗೆ ಅವರು ಉದ್ದನೆಯ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಎಷ್ಟು ಸಲ ಕುಡಿಯಬೇಕೋ ಅಷ್ಟು ಮಡಿಕೆ ಮಡಿಚಿ, ಅಂಚಿಗೆ ಕತ್ತರಿಯಲ್ಲಿ ಕಚ್ಚು ಹಾಕಿ, ಬಿಡಿಸಿ, ಮೈದಾ ಅಂಟು ಹಚ್ಚಿ, ಬಾಟಲಿಯ ನೆತ್ತಿಯಿಂದ ಬುಡದವರೆಗೆ. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿನವರೆಗೆ ಒಂದು ಸಲದ್ದು. "ಓದು ಬರೋರ್ಗೂ ಅದೇ, ಬರದೋರ್ಗೂ ಅದೇ. ಕಚ್ಚು ಸುಳ್ಳು ಹೇಳಾಕಿಲ್ಲ."

ನನಗೆ ಆ ಕಚ್ಚುಗಳನ್ನು ಕಂಡರೆ ನಾಚಿಕೆ. ಚಿಕ್ಕವಳಿದ್ದಾಗ ಜ್ವರ ಬಂದರೆ ಅವ್ವ ಬಾಟಲಿಯನ್ನು ಬೆಳಕಿಗೆ ಹಿಡಿದು, ಕಚ್ಚಿನೊಳಗೆ ಉಗುರು ಇಟ್ಟು, "ಇಷ್ಟು ಕುಡಿ" ಅನ್ನುತ್ತಿದ್ದಳು. ಅದು ಹೆಬ್ಬೆಟ್ಟಿನವರ ಲೆಕ್ಕ. ನಾನು ಅಲ್ಲಿಂದ ಎದ್ದು ಬಂದವಳು. ನಮ್ಮ ಮನೆಗೆ ಅಕ್ಷರ ತಂದವಳು. ಅಕ್ಷರ ಇದ್ದ ಮೇಲೆ ಕಚ್ಚು ಯಾಕೆ — ಹೀಗೆ ಯೋಚಿಸುತ್ತಿದ್ದೆ. ಹೌದು, ಹೀಗೇ.

ಅವತ್ತು ಸಂತೆ ದಿನ. ಜಗಲಿ ತುಂಬ ಜನ, ಅವರ ಚೀಲ, ಸೊಪ್ಪಿನ ಕಂತೆ, ಕಾಲು ಕಟ್ಟಿದ ಕೋಳಿ. ಸಿದ್ದಪ್ಪನವರಿಗೆ ಕೈ ಸಾಲಲಿಲ್ಲ. ಚೀಟಿ ಬರೆಯುವುದು ಮುಗಿದಿತ್ತು, ನಾನು ಮೆಲ್ಲಗೆ ಕಿಟಕಿಯ ಒಳಗೆ ಸೇರಿಕೊಂಡೆ. ತುಂಬಿದ ಬಾಟಲಿಗಳನ್ನು ನನ್ನ ಕಡೆ ತಳ್ಳಿ, "ಕಚ್ಚು ಹಾಕಿ ಅಂಟ್ಸು ಮಗ. ಬರಿಯಾಕೆ ಹೋಗ್ಬ್ಯಾಡ" ಅಂದರು.

ಬರೆದೆ. ಮೂರೋ ನಾಲ್ಕೋ ಬಾಟಲಿಗೆ. ಅಗಲವಾದ ಕಾಗದ ಕತ್ತರಿಸಿ, ದುಂಡಗಿನ ಅಕ್ಷರದಲ್ಲಿ — 'ದಿನಕ್ಕೆ ಮೂರು ಸಲ, ಒಂದೊಂದು ಸಣ್ಣ ಚಮಚ.' ಅಂಟಿಸಿ ದೂರ ಹಿಡಿದು ನೋಡಿದೆ. ಎಷ್ಟು ಚೆನ್ನಾಗಿ ಕಂಡಿತು ಅಂದರೆ... ಅದರಲ್ಲಿ ಒಂದನ್ನು ಗಂಡಸಿ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿಯ ಕೈಗೆ ಕೊಟ್ಟೆ. ಕೆಂಚಮ್ಮ ಅಂತ. ಕೆಮ್ಮು ಇದ್ದದ್ದು ಅವಳ ಮೊಮ್ಮಗಳಿಗೆ, ಮೂರು ವರ್ಷದ ಕೂಸು. ನಿದ್ದೆ ಬರಿಸುವ ಕೆಮ್ಮಿನ ಔಷಧಿ ಅದು. ಹೇಗೆ ಕುಡಿಸಬೇಕು ಅಂತ ಬಾಯಲ್ಲಿ ಹೇಳಲಿಲ್ಲ. ಬರೆದಿದ್ದೇನಲ್ಲ, ಇನ್ನೇನು ಹೇಳುವುದು! ಉಳಿದ ಬಾಟಲಿಗಳು ಓದು ಬರುವವರ ಮನೆಗೆ ಹೋಗಿರಬೇಕು. ಅದೃಷ್ಟ — ನನ್ನದಲ್ಲ, ಅವರದು.

ಮಾರನೆ ದಿನ ಬಾಗಿಲು ತೆರೆಯುವ ಹೊತ್ತಿಗೇ ಜೀಪು ಬಂದು ನಿಂತಿತ್ತು. ಕೆಂಚಮ್ಮನ ಸೊಸೆಯ ಹೆಗಲ ಮೇಲೆ ಕೂಸು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ಪುಟ್ಟಮ್ಮ ಕಿತ್ತುಕೊಂಡಂತೆ ಎತ್ತಿಕೊಂಡು ಒಳಗೆ ಓಡಿದಳು. ಸಿಸ್ಟರು, ಡಾಕ್ಟರು, ಸೊಸೆ, ಎಲ್ಲರೂ ಒಳಗೆ. ಕೆಂಚಮ್ಮ ಮಾತ್ರ ನನ್ನ ಮೇಜಿನ ಮುಂದೆ ನಿಂತು, ಸೆರಗಿನಿಂದ ಬಾಟಲಿ ತೆಗೆದು ಇಟ್ಟಳು. ಅರ್ಧಕ್ಕೂ ಹೆಚ್ಚು ಖಾಲಿ.

"ಕಚ್ಚೇ ಇರ್ನಿಲ್ಲ ಕಣವ್ವ. ಒಂದೇ ಸಲದ್ದು ಅಂದ್ಕಂಡೆ. ಕಾಗ್ದ ಎಲ್ಲಿಗಂಟ ಐತೋ ಅಲ್ಲಿಗಂಟ ಕುಡ್ಸಿದೆ. ತಪ್ಪಾಯ್ತಾ?"

ನನಗೆ ಆ ಕ್ಷಣಕ್ಕೇ ಎಲ್ಲ ತಿಳಿಯಿತು. ಅವಳು ಓದಿದ್ದಳು. ತನಗೆ ಬರುತ್ತಿದ್ದ ಒಂದೇ ಓದಿನಲ್ಲಿ ಸರಿಯಾಗಿ ಓದಿದ್ದಳು. ಕಾಗದದ ಮೇಲಂಚಿನಿಂದ ಕೆಳಅಂಚಿನವರೆಗೆ, ನಡುವೆ ಕಚ್ಚಿಲ್ಲ — ಅಂದರೆ ಒಂದು ಸಲಕ್ಕೆ. ನನ್ನ ಅವ್ವನ ಕೈಗೆ ಕೊಟ್ಟಿದ್ದರೆ ಅವಳೂ ಹಾಗೇ ಓದುತ್ತಿದ್ದಳು. ನನಗೇ ಕುಡಿಸುತ್ತಿದ್ದಳು.

ಕೆಂಚಮ್ಮ ಬಾಟಲಿಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಜಗಲಿಯಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಮೇಜಿನ ಮೇಲೆ ಬೆರಳು ಒದ್ದೆ ಮಾಡಿಕೊಳ್ಳಲು ಇಟ್ಟಿದ್ದ ನೀರಿನ ಬಟ್ಟಲು. ಎರಡು ಬೆರಳು ಅದ್ದಿದೆ, ಕಾಗದದ ಮೇಲೆ ಸವರಿದೆ. ಮೈದಾ ಅಂಟು, ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಇಡೀ ಕಾಗದ ಸುಲಿದು ಬಂತು. ಅಷ್ಟು ಸುಲಭ. ಆಗ ದೂರದಲ್ಲೊಂದು ರೈಲು ಹೋಯಿತು, ಸೀಸೆಗಳು ಕಿಣಿಕಿಣಿ ಅಂದವು. ನನ್ನ ಮುಷ್ಟಿಯೊಳಗೆ ನನ್ನ ಅಕ್ಷರ ನೆನೆದು ಮೆತ್ತಗಾಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಕೂಸು ಕಣ್ಣು ಬಿಟ್ಟು ನೀರು ಕೇಳಿತು. ಉಳಿಯಿತು. ಆಮೇಲೆ ಡಾಕ್ಟರು ಹೊರಗೆ ಬಂದು ಬಾಟಲಿ ಎತ್ತಿಕೊಂಡರು.

"ಕಾಗ್ದ ಇತ್ತು ಕಣಪ್ಪ, ನನ್ನ ಕಣ್ಣಾಣೆ" ಅಂದಳು ಕೆಂಚಮ್ಮ.

"ಎಲ್ಲೈತೆ ತೋರ್ಸಿ ಅತ್ತೆ? ಬಾಟ್ಲಿ ಬೋಳಾಗೈತೆ!" ಸೊಸೆ ಕಿರುಚಿದಳು. "ನಿಮ್ಮ ಕೈಗೆ ಕೂಸು ಬುಟ್ಟು ಹೋದೆನಲ್ಲ, ನನ್ನ ಬುದ್ಧಿಗೆ ಬೆಂಕಿ ಹಾಕ..."

ಡಾಕ್ಟರು ನನ್ನ ಕಡೆ ತಿರುಗಿದರು. "ಬಾಟ್ಲಿ ನಿನ್ನ ಮೇಜಿನ ಮೇಲಿತ್ತಲ್ಲಮ್ಮ. ಕಾಗದ ಇತ್ತಾ?"

"ಇರಲಿಲ್ಲ ಸಾರ್."

ಎರಡೇ ಪದ. ಕೆಂಚಮ್ಮ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ — ಓದಿದ ಹುಡುಗಿ ಹೇಳುತ್ತಿದ್ದಾಳೆ, ಹಾಗಾದರೆ ನನ್ನ ಕಣ್ಣೇ... ಅನ್ನುವಂಥ ಒಂದು ಗಲಿಬಿಲಿ.

ಸಿದ್ದಪ್ಪನವರು ಬಾಟಲಿ ಕೈಗೆ ತಗೊಂಡು ಹೆಬ್ಬೆರಳಿನಿಂದ ಗಾಜು ಸವರಿದರು. ಅಂಟು ಇನ್ನೂ ಜಿಗುಟಾಗಿಯೇ ಇತ್ತು. ಅವರ ಪಟ್ಟಿ ಬೆರಳಿನಷ್ಟು ಅಗಲ. ಇದು ಅಂಗೈ ಅಗಲದ ಚೌಕ. ಅವರಿಗೆ ಗೊತ್ತಾಯಿತು. ನನ್ನನ್ನು ನೋಡಿದರು, ಬಹಳ ಹೊತ್ತೇನಲ್ಲ. ಆಮೇಲೆ ಡಾಕ್ಟರಿಗೆ ಹೇಳಿದರು: "ಮರ್ತ್ಬಿಟ್ಟೆ ಸ್ವಾಮಿ. ಸಂತೆ ಗಲಾಟೇಲಿ ಕಾಗ್ದ ಹಚ್ಚೋದೇ ಮರ್ತೆ."

ನನ್ನನ್ನು ಉಳಿಸಿದರು. ಉಳಿಸುವ ಆ ಮಾತಿನಲ್ಲೇ ಕೆಂಚಮ್ಮ ಸುಳ್ಳು ಹೇಳಿದವಳಾದಳು. ಅವರು ಅದನ್ನು ಯೋಚಿಸಿರಲಿಕ್ಕಿಲ್ಲ. ನಾನು ಯೋಚಿಸಿದೆ. ಆದರೂ ಸುಮ್ಮನಿದ್ದೆ.

ಮಾರನೆ ದಿನದಿಂದ ನಮ್ಮ ಜಾಗ ಅದಲುಬದಲಾಯಿತು. "ನಿಮಗೆ ವಯಸ್ಸಾಯಿತು ಸಿದ್ದಪ್ಪ, ಔಷಧಿ ಮುಟ್ಟಬೇಡಿ" ಅಂದರು ಡಾಕ್ಟರು. ನನಗೆ, "ನೀನು ಓದಿದವಳು, ಕಿಟಕಿ ನೋಡಿಕೊ." ಸಿದ್ದಪ್ಪನವರು ನನ್ನ ಸ್ಟೂಲಿನ ಮೇಲೆ ಕೂತರು. ಕೂರುವ ಮೊದಲು ಕಿಟಕಿಯ ಹತ್ತಿರ ಬಂದು ತಮ್ಮ ಕತ್ತರಿಯನ್ನು ನನ್ನ ಕೈಗಿಟ್ಟರು. "ಕಚ್ಚು ಹಾಕು ಮಗ" ಅಂದರು. ಅಷ್ಟೇ. ಮುಂದೆ ಯಾವತ್ತೂ ಆ ಬಗ್ಗೆ ಒಂದು ಮಾತು ಎತ್ತಲಿಲ್ಲ.

ಹೆದರಿ ಸುಮ್ಮನಿದ್ದೆ ಅಂದರೆ ಅರ್ಧ ನಿಜ. ಕಿಟಕಿಯಲ್ಲಿ ನಿಂತು, ಆ ಬಣ್ಣಗಳು ನನ್ನ ಮೈಮೇಲೆ ಬಿದ್ದಾಗ ನನಗೆ ಸುಖವಾಯಿತು. ಅದು ಉಳಿದರ್ಧ. ಅವರು ಸ್ಟೂಲಿನ ಮೇಲೆ ಕೂತು ಖಾಲಿ ಚೀಟಿಗಳನ್ನು ಮಡಿಚುತ್ತಿದ್ದರು. ಕತ್ತರಿ ಇಲ್ಲದೆ ಉಗುರಿನಿಂದಲೇ ಅಂಚು ಹರಿಯುತ್ತಿದ್ದರು. ಪುಟ್ಟಮ್ಮ ನೆಲ ಗುಡಿಸುವಾಗ ಆ ಚೂರುಗಳನ್ನು ತೆಗೆದು ನನಗೆ ತೋರಿಸಿದಳು, ನಗಲಿಲ್ಲ. ಬಿ.ಎಸ್ಸಿ. ಅಂತ ಅವಳು ನನ್ನನ್ನು ಕರೆಯುವುದನ್ನು ಬಿಟ್ಟದ್ದೂ ಆಗಲೇ. ಆರು ತಿಂಗಳಿಗೆ ಸಿದ್ದಪ್ಪನವರು ಬರುವುದು ನಿಲ್ಲಿಸಿದರು. ಎರಡು ವರ್ಷದ ಮೇಲೆ ತೀರಿಕೊಂಡರು ಅಂತ ಕೇಳಿದೆ. ಆಗ ನಾನು ಫಾರ್ಮಸಿ ಡಿಪ್ಲೊಮಾ ಪರೀಕ್ಷೆಗೆ ಓದುತ್ತಿದ್ದೆ. ಪರೀಕ್ಷೆ ಇದೆ ಅಂತ ಹೋಗಲಿಲ್ಲ. ಪರೀಕ್ಷೆ ಇದ್ದದ್ದು ಮುಂದಿನ ತಿಂಗಳು.

ಆಮೇಲೆ ಸರ್ಕಾರಿ ಕೆಲಸ ಸಿಕ್ಕಿತು. ಈಗ ಬಿಕ್ಕೋಡಿನ ಆಚೆ, ಬೇಲೂರು ತಾಲೂಕಿನ ಒಂದು ಆಸ್ಪತ್ರೆಯಲ್ಲಿ ಔಷಧಿ ಕೊಡುತ್ತೇನೆ. ನನ್ನದೇ ಕಿಟಕಿ. ಈಗ ಎಲ್ಲ ಮಾತ್ರೆ, ಸೀಲು ಮಾಡಿದ ಬಾಟಲಿ. ಕಚ್ಚು ಹಾಕುವವರು ಯಾರೂ ಇಲ್ಲ. ಕನಸಿನಲ್ಲಿ ಮಾತ್ರ ಒಂದು ಕಾಗದದ ಪಟ್ಟಿ ಬಿಚ್ಚಿಕೊಳ್ಳುತ್ತ ಹೋಗುತ್ತದೆ — ಬೆಟ್ಟದ ಸಾಲಿನ ಹಾಗೆ, ಅವ್ವನ ಸೀರೆಯ ಅಂಚಿನ ಹಾಗೆ, ಕಚ್ಚು, ಕಚ್ಚು, ಕಚ್ಚು. ಕೊನೆ ಸಿಗುವುದಿಲ್ಲ. ನಾನು ಉಗುರು ಇಟ್ಟು ಹುಡುಕುತ್ತಿರುತ್ತೇನೆ.

ಹೋದ ತಿಂಗಳು ಕಾಫಿ ಹಣ್ಣು ಬಿಡಿಸಲು ಬಂದಿದ್ದ ಹೆಂಗಸರ ಗುಂಪಿನಲ್ಲಿ ಅವಳಿದ್ದಳು, ಆ ಸೊಸೆ. ನನ್ನ ಗುರುತು ಹಿಡಿಯಲಿಲ್ಲ. ಜ್ವರದ ಮಾತ್ರೆ ಎಣಿಸಿ ಕೊಡುವಾಗ ಮಾತಿಗೆ ಮಾತು ಬಂತು. ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ ಅಂದಳು. ಹೇಗೆ ತಗೋಬೇಕು ಸರಿಯಾಗಿ ಹೇಳಿ ಮೇಡಂ ಅಂತ ಎರಡು ಸಲ ಕೇಳಿದಳು, ಆಮೇಲೆ ತಾನೇ ನಕ್ಕಳು.

"ನಮ್ಮತ್ತೆ ಒಂದ್ಸಲ ಮಗೀಗೆ ಅರ್ಧ ಬಾಟ್ಲಿ ಕುಡ್ಸಿಬುಟ್ಟಿದ್ರು ಮೇಡಂ. ಅವತ್ತಿಂದ ಅವರ ಕೈಗೆ ಔಷ್ದಿ ಕೊಟ್ಟಿಲ್ಲ ನಾನು. ಮಗೀನೂ ಅಷ್ಟೇ, ಎರಡನೇದ್ನ ಅವರ ಮಡ್ಲಿಗೇ ಹಾಕ್ಲಿಲ್ಲ. ಕಾಗ್ದ ಇತ್ತು ಕಣೆ, ಕಾಗ್ದ ಇತ್ತು ಕಣೆ ಅಂತ ಎಷ್ಟು ವರ್ಷ ಗೋಳಾಡಿದ್ರು ಅಂತೀರಾ. ಈಗೀಗ ಸುಮ್ಕಾಗವ್ರೆ. ಇರ್ನಿಲ್ವೇನೋ ಕಣೆ, ನಂಗೇ ಹಂಗೆ ಕಂಡಿರ್ಬೇಕು ಅಂತಾರೆ."

ನಾನು ಮಾತ್ರೆಯ ಪೊಟ್ಟಣ ಮಡಿಚಿ ಕೊಟ್ಟೆ. ಎರಡನೇ ಸಲವೂ ಬಾಯಿ ಬಿಡಲಿಲ್ಲ. ಅವಳ ಹಿಂದೆ ಸಾಲಿತ್ತು, ಜನ ಇದ್ದರು — ಇಲ್ಲ, ಅದನ್ನೆಲ್ಲ ಹೇಳುವುದಿಲ್ಲ. ಬಿಡಲಿಲ್ಲ, ಅಷ್ಟೇ.

ಅವತ್ತಿನಿಂದ ಆ ಒಂದು ಮಾತು ನನ್ನನ್ನು ಬಿಟ್ಟಿಲ್ಲ. 'ಇರ್ನಿಲ್ವೇನೋ ಕಣೆ.' ಸಿದ್ದಪ್ಪನವರಿಂದ ನಾನು ಕಿತ್ತುಕೊಂಡದ್ದು ಜಾಗ. ಈ ಅಜ್ಜಿಯಿಂದ ಅವಳ ಕಣ್ಣನ್ನೇ ಕಿತ್ತುಕೊಂಡಿದ್ದೇನೆ. ಕಂಡದ್ದನ್ನು ಕಂಡೆ ಅನ್ನಲಾರದ ಹಾಗೆ ಮಾಡಿದ್ದೇನೆ.

ಆ ಕಾಗದವನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ ಅಂದರೆ ಕೇಳಲು ಚೆನ್ನಾಗಿರುತ್ತದೆ. ಇಟ್ಟುಕೊಂಡಿಲ್ಲ. ಪುಟ್ಟಮ್ಮ ಸಿರಿಂಜು ಕುದಿಸುತ್ತಿದ್ದ ಸ್ಟವ್ವಿನ ಉರಿಗೆ ಹಿಡಿದೆ. ಒದ್ದೆಯಾಗಿದ್ದರಿಂದ ಸುಡಲು ಹೊತ್ತು ಹಿಡಿಯಿತು. ಹಾಗಾಗಿ ತೋರಿಸಲು ನನ್ನ ಹತ್ತಿರ ಏನೂ ಇಲ್ಲ, ಬರೀ ಬಾಯಿಮಾತು. ಅವತ್ತು ಕೆಂಚಮ್ಮನ ಹತ್ತಿರ ಇದ್ದದ್ದೂ ಅಷ್ಟೇ.

ಈ ಭಾನುವಾರ ಅರಸೀಕೆರೆಗೆ ಹೋಗಿ ಅಲ್ಲಿಂದ ಗಂಡಸಿ ಬಸ್ಸು ಹತ್ತುತ್ತೇನೆ. ಊರಿನ ಹೆಸರು ನೆನಪಿದೆ. ಅವತ್ತಿನ ಚೀಟಿ ಬರೆದವಳು ನಾನೇ ಅಲ್ಲವೆ. ಕಾಫಿ ಕೆಲಸ ಮುಗಿದು ಸೊಸೆ ವಾಪಸು ಬಂದಿರುತ್ತಾಳೆ. ಅಜ್ಜಿಯ ಕಿವಿಗೆ ಮಾತ್ರ ಹೇಳಿ ಎದ್ದು ಬಂದರೆ ಹೇಳಿದ ಹಾಗಾಗುವುದಿಲ್ಲ. ಸೊಸೆಯೂ ಮನೆಯಲ್ಲಿರುವ ಹೊತ್ತು ನೋಡಿಕೊಂಡು ಹೋಗುತ್ತೇನೆ.