ಕುರಿ ಹಾಯುವ ದಾರಿ

ಕಮಠಾಣದ ಹತ್ತಿರ ನಮ್ಮ ಲೇಔಟ್ ಬರುತ್ತದೆಂದಾಗ, ಊರ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಬೇಡವೆಂದವಳು ಕುರಿ ಸಾಕುವ ಆ ಮುದುಕಿ. "ನಮ್ಮ ಕುರಿ ಎಲ್ಲಿ ಹಾಯಬೇಕ್ರಿ?" ಕೋಲು ನೆಲಕ್ಕೆ ಕುಟ್ಟಿ, ಸಿಕ್ಕವರಿಗೆಲ್ಲ ಅದೊಂದೇ ಪ್ರಶ್ನೆ. ಕಡೆಗೆ ಕುರಿಗಳಿಗೆಂದು ದಾರಿ ಬಿಟ್ಟರು, ನನ್ನ ಮನೆಯ ಪಕ್ಕದಲ್ಲೇ.

ಗೃಹಪ್ರವೇಶದ ನಂತರವೂ ಆಕೆಯೆದುರು ನನಗೆ ಅಳುಕೇ. ಒಂದು ಸಂಜೆ ನನ್ನ ಅಂಗಳದ ಒಣಗಿದ ಕರಿಬೇವು ಕಂಡು ನಿಂತಳು.

"ಗೇಟ್ ತಗೀರಿ."

ಹೊಲಕ್ಕೆ ಗೊಬ್ಬರವಾಗಲೆಂದು ಕುರಿ ತರುಬುವಂತೆ, ಇಡೀ ಮಂದೆಯನ್ನು ಬೆಳಗಿನವರೆಗೆ ನನ್ನ ಅಂಗಳದಲ್ಲಿ ತರುಬಿದಳು.

"ಇಲ್ಲಿ ಮನಿ ಬ್ಯಾಡ ಅಂದಿದ್ರಲ್ರೀ, ಆಯಿ?"

"ಮನಿ ಬ್ಯಾಡ ಅಂದೀನ್ರಿ. ಮಣ್ಣೇನು ಪಾಪ ಮಾಡ್ಯಾದ?"

ಕರಿಬೇವು ಈಗ ನನಗಿಂತ ಎತ್ತರ. ಒಗ್ಗರಣೆ ಚಟಪಟ ಅಂದಾಗಲೆಲ್ಲ ಕಣ್ಣು ತಾನಾಗಿಯೇ ಆ ದಾರಿಯತ್ತ ಹೋಗುತ್ತದೆ.